ಅತ್ತಿಗೆಯ ಕೋಣೆಯಲ್ಲಿ ಉಬ್ಬಿದ ಹಲಗೆಗಳು

ನಾನು ಹಾಸಿದ ನೆಲದ ಮೇಲೆ ಇರುವೆಗಳು ಜಾರಿ ಬಿದ್ದು ಸೊಂಟ ಮುರಿದುಕೊಂಡಿವೆ. ಅಷ್ಟು ನುಣುಪು, ಅಷ್ಟು ಸಮ. ಅಂಥ ನನಗೆ ಅತ್ತಿಗೆ ಫೋನಿನಲ್ಲಿ ಬೈದರೆ ಮೈ ಉರಿಯದೆ ಇರುತ್ತದೆಯೇ?

"ಏನಪ್ಪಾ ಮೇಸ್ತ್ರಿ, ವಾರಕ್ಕೇ ನಿನ್ನ ಹಲಗೆ ಉಬ್ಬಿದೆ. ನೆಂಟರನ್ನೆಲ್ಲ ಕರೆದು ತೋರಿಸ್ಲಾ?"

ಓಡಿದೆ. ಕಾಂಕ್ರೀಟಿನ ಮೇಲೆ ನಾನು ಜೋಡಿಸಿದ್ದ ಲ್ಯಾಮಿನೇಟ್ ಹಲಗೆಗಳು ಗೋಡೆಯಿಂದ ಮಂಚದ ಕಡೆಗೆ ಆರು ಕಡೆ ಉಬ್ಬಿದ್ದವು, ಹೆಜ್ಜೆಗೊಂದರಂತೆ. ಮಟಮಟ ಮಧ್ಯಾಹ್ನ, ಕೋಣೆ ಕಾದ ಕಾವಲಿಯಂತಿತ್ತು. ಆ ಆರು ಕಡೆ ಮಾತ್ರ ಅಂಗಾಲು ಮರಗಟ್ಟುವಷ್ಟು ತಣ್ಣಗೆ. ಬೆರಳಿನಿಂದ ತಟ್ಟಿದೆ. ಕೆಳಗಿನಿಂದ ಯಾರೋ ತಿರುಗಿ ತಟ್ಟಿದರು.

"ನನ್ನ ಕೆಲಸಕ್ಕೆ ಹೆಸರಿಡಬೇಡಿ ಅತ್ತಿಗೆ! ಇದು ದೆವ್ವದ ಕಾಟ," ಎಂದು ಗುಡುಗಿದೆ.

"ದೆವ್ವಾನೋ ನಿನ್ನ ಸೋಮಾರಿತನಾನೋ, ಕಿತ್ತು ತೋರಿಸು."

ಸಿಟ್ಟಿನಲ್ಲೇ ಆ ಸಾಲನ್ನೆಲ್ಲ ಕಿತ್ತೆ. ಅತ್ತಿಗೆ ಬಗ್ಗಿ ನೋಡಿದರು. "ತೇವ ಏರದ ಹಾಗೆ ಹಲಗೆ ಕೆಳಗೆ ಹಾಕ್ತೀನಿ ಅಂದಿದ್ದ ಪ್ಲಾಸ್ಟಿಕ್ ಹಾಳೆ ಎಲ್ಲೋ?"

ಸಿಕ್ಕಿಬಿದ್ದೆ. ಒಪ್ಪಿಕೊಳ್ಳುತ್ತೇನೆ: ಹಾಳೆ ಹಾಕಿರಲಿಲ್ಲ. ಕಾಂಕ್ರೀಟ್ ಒಣಗಿದೆಯೇ ಎಂದು ನೋಡಿಯೂ ಇರಲಿಲ್ಲ. ಇರುವೆಯ ಸೊಂಟದ ಮಾತೂ ಸುಳ್ಳು. ಎಲ್ಲ ಬಿಚ್ಚಿ ಹೊಸದಾಗಿ ಹಾಸಿಕೊಡುತ್ತೇನೆ ಎಂದು ಕೈಮುಗಿದೆ.

ಆದರೆ ಇಷ್ಟು ಮಾತ್ರ ನಿಜ. ಕಾಂಕ್ರೀಟ್ ಉಳಿದೆಡೆ ಪೂರ್ತಿ ಒಣಗಿತ್ತು. ತೇವವಿದ್ದದ್ದು ಬರಿಗಾಲಿನ ಆಕಾರದಲ್ಲಿ, ಬೆರಳುಗಳೆಲ್ಲ ಮಂಚದ ಕಡೆಗೆ. ಕಿತ್ತಾಗ ನಾನು ಎಣಿಸಿದ್ದು ಆರು. ಬೈಯುವುದನ್ನು ನಿಲ್ಲಿಸಿ ಅತ್ತಿಗೆ ಎಣಿಸಿದಾಗ ಏಳು.