ಲೆಕ್ಕಕ್ಕಿಲ್ಲದ ‘ಸರಿ’

“ಅವ್ವ ನಿಮ್ಮ ಬಳೆ ಅಳತಿ ಕೇಳ್ಯಾಳ,” ಎಂದ ಅಮೋಘ.

ಅವನು ಬ್ಯಾಂಕಿನಲ್ಲಿ ಕೆಲಸ ಮಾಡುವ ವಿಜಯವಾಡಕ್ಕೆ ಬಂದಿಳಿದು, ರೈಲ್ವೆ ನಿಲ್ದಾಣದ ಹೊರಗೆ ಆಟೊ ಹುಡುಕುತ್ತಿದ್ದ ಚಿತ್ರಾ ನಿಂತುಬಿಟ್ಟಳು. “ಯಾವ ಬಳೆ?”

“ಸಿಂಹಾಚಲಂನಾಗ ನೀವು ಸರಿ ಅಂದ್ರಲ್ಲ. ಮದುವಿಗೆ.”

ಅವನ ಕಣ್ಣಲ್ಲಿದ್ದ ತುಂಟತನ ಅವಳ ಮುಖ ನೋಡುತ್ತಲೇ ಇಳಿಯಿತು.

ಹೋದ ಭಾನುವಾರ ಸಿಂಹಾಚಲಂ ಗುಡಿಯಲ್ಲಿ ತಿಂದ ಪುಳಿಹೋರ ಪ್ರಸಾದ ಅವಳಿಗೆ ನೆನಪಿತ್ತು. ದೊನ್ನೆಯಿಂದ ಗೋಡಂಬಿ ಕದ್ದ ಅವನ ಬೆರಳೂ ನೆನಪಿತ್ತು. ಆಮೇಲೆ ಅವನು ಸುಮ್ಮಸುಮ್ಮನೆ ನಗುತ್ತಿದ್ದ. ನಡುವಿನ ಒಂದು ತುಂಡು ಮಾತ್ರ ಇರಲಿಲ್ಲ.

ವಿಶಾಖಪಟ್ಟಣದ ಔಷಧ ಕಂಪನಿಯ ಲ್ಯಾಬ್ ಸೇರಿದ ವರ್ಷದಿಂದ ಹೀಗೆಯೇ. ಹೊಟ್ಟೆಯಿಂದ ಒಂದು ಅಲೆ ಏಳುತ್ತದೆ. ನೋಟ ಒಂದೆಡೆ ನಿಲ್ಲುತ್ತದೆ, ಬೆರಳು ದುಪಟ್ಟಾದ ಅಂಚು ಹಿಸುಕುತ್ತದೆ, ಬಾಯಿ ‘ಸರಿ, ಸರಿ’ ಎನ್ನುತ್ತದೆ. ಬೀಳುವುದಿಲ್ಲ, ನೊರೆ ಬರುವುದಿಲ್ಲ. ಹಾಗಾಗಿ ಇದೂ ಮೂರ್ಛೆರೋಗವೇ ಎಂದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ತೆಲುಗಿನವರಿಗೂ ಅರ್ಥವಾಗುವ ಆ ‘ಸರಿ’ಯನ್ನು ನಂಬಿ ಮ್ಯಾನೇಜರ್ ಒಮ್ಮೆ ಭಾನುವಾರದ ಡ್ಯೂಟಿ ಹಾಕಿದ್ದರು.

ಸುಮ್ಮನಿದ್ದರೆ ಬಳೆ ಬರುತ್ತಿತ್ತು. ಅವಳಿಗೂ ಅವನು ಬೇಕಿತ್ತು. ಆದರೆ ತಾನು ಆಡದ ಮಾತಿನ ಮೇಲೆ ಸಂಸಾರ ಹೂಡಲು ಅವಳು ತಯಾರಿರಲಿಲ್ಲ. ನಿಲ್ದಾಣದ ಗದ್ದಲದಲ್ಲೇ ರೋಗದ ಕತೆಯೆಲ್ಲ ಹೇಳಿಬಿಟ್ಟಳು.

“ಆ ಸರಿ ನನ್ನದಲ್ಲ ಅಮೋಘ. ಲೆಕ್ಕಕ್ಕೆ ತಗೋಬೇಡಿ.”

ಅವನು ಪೆಚ್ಚಾದ. ಧಾರವಾಡದಲ್ಲಿ ಅವ್ವ ಓಣಿಗೆಲ್ಲ ಹೇಳಿಯಾಗಿದೆ ಎಂದ. ಶನಿವಾರ ವಿಶಾಖಪಟ್ಟಣದಲ್ಲಿ ಡಾಕ್ಟರನ್ನು ಕಾಣುವುದಿದೆ, ಬೇಕೆನಿಸಿದರೆ ಬನ್ನಿ, ಅಲ್ಲಿಯವರೆಗೆ ನನಗೆ ಹೂಂ, ಉಹೂಂ ಏನೂ ಹೇಳಬೇಡಿ ಎಂದಳು ಅವಳು.

ವಾರವಿಡೀ ಫೋನಿಲ್ಲ. ಬರುವುದಿಲ್ಲ ಎಂದೇ ಮನಸ್ಸು ಗಟ್ಟಿಮಾಡಿಕೊಂಡು ಕ್ಲಿನಿಕ್ಕಿಗೆ ಹೋದರೆ, ಅವನು ಅವಳಿಗಿಂತ ಮೊದಲೇ ಬಂದು ಕುರ್ಚಿಯಲ್ಲಿ ತೂಕಡಿಸುತ್ತಿದ್ದ.

ಸ್ಕ್ಯಾನ್‌ನಲ್ಲಿ ಏನೂ ಕಾಣಿಸಿಲ್ಲ, ಕಾರಣ ಗೊತ್ತಿಲ್ಲ ಎಂದರು ಡಾಕ್ಟರ್. ಕಾರಣವಿಲ್ಲದೆ ಔಷಧಿ ಹೇಗೆ ಎಂದು ಅಮೋಘ ಸಾಲದ ಅರ್ಜಿ ನೋಡುವ ಬ್ಯಾಂಕ್ ಅಧಿಕಾರಿಯಂತೆಯೇ ಕೇಳಿದ. ಎಷ್ಟೋ ಜನರಿಗೆ ಕಾರಣ ಸಿಗುವುದೇ ಇಲ್ಲ, ಮೂರ್ಛೆಯ ಬಗೆ ನೋಡಿ ಮಾತ್ರೆ ಕೊಡುತ್ತೇವೆ, ಹೆಚ್ಚಿನವರಿಗೆ ಹಿಡಿತಕ್ಕೆ ಬರುತ್ತದೆ ಎಂದರು ಅವರು. ಅವಳು ಆಗಲೇ ನುಂಗುತ್ತಿದ್ದ ಮಾತ್ರೆಯ ಡೋಸ್ ಏರಿಸಿದರು. ಮಾತ್ರೆ ತಪ್ಪಬಾರದು, ನಿದ್ದೆ ಕೆಡಬಾರದು, ಸದ್ಯ ಸ್ಕೂಟರ್ ಬೇಡ. ಮೂರ್ಛೆ ಬಂದಾಗ ಹಿಡಿದು ಅದುಮಬೇಡಿ, ಬಾಯಿಗೆ ಏನೂ ಹಾಕಬೇಡಿ, ಹತ್ತಿರ ಕೂತಿರಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್.

ಸಂಜೆ ಬೀಚಿನ ಕಟ್ಟೆಯ ಮೇಲೆ ಚಹಾ ಕುಡಿಯುವಾಗ ಅಲೆ ಎದ್ದಿತು. “ಬರ್ತಿದೆ” ಎನ್ನಲು ಮಾತ್ರ ಅವಳಿಗೆ ಸಮಯವಿತ್ತು.

ಅಮೋಘ ಬಿಸಿ ಲೋಟವನ್ನು ಅವಳ ಕೈಯಿಂದ ತೆಗೆದಿಟ್ಟ. ಮೂರ್ಛೆಗೆ ಕಬ್ಬಿಣವೇ ಮದ್ದು, ಕೈಗೆ ಬೀಗದ ಕೈ ಕೊಡಿ ಎಂದು ಓಡಿಬಂದ ಕಡಲೆಕಾಯಿಯವನನ್ನು ಹರಕುಮುರುಕು ತೆಲುಗಿನಲ್ಲಿ ತಡೆದ. ವಾಚು ನೋಡುತ್ತ ಪಕ್ಕದಲ್ಲೇ ಕೂತ.

ಕಡಲು ಮತ್ತೆ ಕಡಲಾಗಿ ಕಂಡಾಗ ಅವಳು ಕೇಳಿದಳು, “ನಾನೇನಾದ್ರೂ ಅಂದೆನಾ?”

“ಅಂದ್ರಿ. ಲೆಕ್ಕಕ್ಕ ತಗೊಂಡಿಲ್ಲ.”

ಅವಳು ಇನ್ನೊಂದು ಚಹಾ ತರಿಸಿಕೊಂಡು, ತಲೆ ತಿಳಿಯಾಗುವವರೆಗೆ ನಿಧಾನವಾಗಿ ಕುಡಿದಳು. ಅವನು ಅವಸರ ಮಾಡಲಿಲ್ಲ. ಲೋಟ ಕೆಳಗಿಟ್ಟು ಅವನ ಕಣ್ಣನ್ನೇ ನೋಡಿದಳು.

“ಈಗ ಕೇಳಿ.”

ಮದುವೆಯಾಗುತ್ತೀರಾ ಎಂದು ಅವನು ಮತ್ತೆ ಕೇಳಿದ. ಆ ಒಂದು ಪದ ಬಿಟ್ಟು ಬೇರೆ ಉತ್ತರ ಹುಡುಕಲು ಅವಳಿಗೆ ತುಸು ಹೊತ್ತು ಹಿಡಿಯಿತು.

“ಎರಡು ನಾಲ್ಕು,” ಎಂದಳು. “ನನ್ನ ಬಳೆ ಅಳತೆ. ನಿಮ್ಮ ಅವ್ವನಿಗೆ ಹೇಳಿ.”