ನೀಲಿಚುಕ್ಕೆಯ ಗಂಟೆ

ಬಸ್ಸು ಆಸ್ಪತ್ರೆಯ ಹಿಂಬದಿಯ ತಿರುವಿಗೆ ಬರುತ್ತಲೇ ಪುಟ್ಟಮಾದಯ್ಯನ ಬಲಗಿವಿಯ ಹಿಂದೆ ಅಂಟಿಸಿದ್ದ ಬಿಲ್ಲೆ ಬೆಚ್ಚಗಾಯಿತು. ಕಿಟಕಿಯಿಂದ ಫಿನಾಯಿಲ್ ವಾಸನೆ ನುಗ್ಗಿತ್ತು. ಎದೆ ಗುದ್ದತೊಡಗಿತು, ಗಂಟಲು ಹಳೆಯ ಚಟದಂತೆ ಬ್ರಾಂದಿ ಬೇಡಿತು. ಅಷ್ಟರಲ್ಲಿ ಹುಣಸೆಬೀಜದಷ್ಟಿದ್ದ ಆ ಬಿಲ್ಲೆ ತನ್ನ ಕೆಲಸ ಮಾಡಿ ಮುಗಿಸಿತು. ಗುದ್ದು ಇಳಿಯಿತು. "ಮಾದಪ್ಪಾ" ಎಂದು ಮುದುಕ ಮನೆದೇವರನ್ನು ಬಾಯಿತುಂಬ ಕರೆದ.

ಪಕ್ಕದಲ್ಲಿದ್ದ ಹೆಂಗಸು ಬುಟ್ಟಿ ಸರಿಸಿದಳು. "ಯಾನಜ್ಜ, ಇಳೀಬೇಕಾ?"

"ಇಲ್ಲ ಕನವ್ವ, ಮುಂದ್ಲ ಬಾಗ್ಲಲ್ಲಿ ಇಳೀತೀನಿ. ಸುಮ್ನ ದೇವ್ರ ಕರ್ದಿ."

ಕರಿಕಲ್ಲುಪೇಟೆಯ ಆಸ್ಪತ್ರೆಯಲ್ಲಿ ಪುಟ್ಟಮಾದಯ್ಯ ಹೆಣ ಕೊಯ್ಯುವ ಕೋಣೆಯ ಕೆಲಸಗಾರನಾಗಿದ್ದವನು. ಮೀಸೆ ಮೂಡುವ ವಯಸ್ಸಿನಲ್ಲಿ ಸೇರಿದ. ಮೊದಲ ದಿನವೇ ಬಾವಿಗೆ ಬಿದ್ದು ಮೂರು ದಿನವಾಗಿದ್ದ ಒಂದು ಶವ ಬಂದಿತ್ತು. ಹೊರಗೆ ಓಡಿಬಂದು ವಾಂತಿ ಮಾಡಿದವನ ಕೈಗೆ ಹಿರಿಯ ಕೆಲಸಗಾರನೊಬ್ಬ ಬ್ರಾಂದಿಯ ಲೋಟ ಕೊಟ್ಟು, "ಇದಿಲ್ದ ಇಲ್ಲಿ ಆಗದು ಮಗ" ಎಂದ. ಆ ಮಾತಿನಲ್ಲಿ ಕೇಡಿರಲಿಲ್ಲ. ಅಲ್ಲಿ ಎಲ್ಲರೂ ಹಾಗೆಯೇ ದುಡಿಯುತ್ತಿದ್ದರು. ಮುಂದೆ ಅವನ ಒಬ್ಬನೇ ಮಗ ಶಿವಮಲ್ಲು ಅದೇ ಕೋಣೆಯಲ್ಲಿ ಕೆಲಸಕ್ಕೆ ಸೇರಿದ, ಅದೇ ಲೋಟ ಅವನ ಕೈಗೂ ಬಂತು. ಮದುವೆಗೆ ಹೆಣ್ಣು ನೋಡುತ್ತಿದ್ದ ವರ್ಷ ಯಕೃತ್ತು ಸೋತು ತೀರಿಕೊಂಡ. ಬಿಲ್ಲೆ ಕರಿಕಲ್ಲುಪೇಟೆಗೆ ಬಂದದ್ದು ಅವನ ವರ್ಷಾಬ್ದಿಕ ಕಳೆದ ಮೇಲೆ.

ಬಿಲ್ಲೆಯನ್ನು ಕಂಡುಹಿಡಿದವರು ಮೈಸೂರಿನ ಡಾಕ್ಟರ್ ಫರ್ಹಾನಾ. ಅದನ್ನು ಪುಟ್ಟಮಾದಯ್ಯನಿಗೆ ಅಂಟಿಸಿದ ದಿನ ಆಕೆ ಹೀಗೆ ತಿಳಿಸಿದ್ದರು: "ಮೆದುಳಿನ ಬುಡದಲ್ಲಿ ಸಾಸಿವೆಗಿಂತ ತುಸು ದೊಡ್ಡದೊಂದು ಜಾಗ ಇದೆ ಅಜ್ಜ. ಕೊಯ್ದು ನೋಡಿದರೆ ನೀಲಿಯಾಗಿ ಕಾಣುತ್ತೆ, ಅದಕ್ಕೇ ನೀಲಿಚುಕ್ಕೆ ಅಂತೀವಿ. ಅಪಾಯ ಬಂದಾಗ ಇಡೀ ಮೆದುಳಿಗೆ ಗಂಟೆ ಹೊಡೆಯೋದು ಅದೇ. ಅಪಾಯ ಹೋದಮೇಲೆ ನಿಲ್ಲಿಸೋದೂ ಅದರ ಕೆಲಸ. ಎಳೆವಯಸ್ಸಲ್ಲಿ ಕಷ್ಟವೂ ಕುಡಿತವೂ ಒಟ್ಟಿಗೆ ಬಿದ್ದರೆ ಹೊಡೆಯೋ ಕೈ ಉಳಿಯುತ್ತೆ, ನಿಲ್ಲಿಸೋ ಕೈ ಸೋತುಹೋಗುತ್ತೆ. ಕುಡಿತ ಬಿಟ್ಟು ಎಷ್ಟು ವರ್ಷ ಆದರೂ ಆ ಕೈ ಪೂರ್ತಿ ಚಿಗುರೋಲ್ಲ. ವಯಸ್ಸಾದಂತೆ ಇನ್ನೂ ಸೋಲುತ್ತೆ. ನಿಲ್ಲದ ಗಂಟೆ ನೆನಪನ್ನೂ ತಿನ್ನುತ್ತೆ. ನಿಲ್ಲಿಸೋ ಕೈಯಾಗಿ ಈ ಬಿಲ್ಲೆ ಇರುತ್ತೆ, ಅಷ್ಟೆ."

ಕೊಯ್ದು ನೋಡಿದರೆ ಎಂಬ ಮಾತಿಗೆ ಪುಟ್ಟಮಾದಯ್ಯ ತಲೆದೂಗಿದ್ದ. ಎಷ್ಟೋ ತಲೆಗಳನ್ನು ಅವನೇ ತೆರೆದುಕೊಟ್ಟಿದ್ದ. ಆ ನೀಲಿಯನ್ನು ಮಾತ್ರ ಯಾರೂ ಅವನಿಗೆ ತೋರಿಸಿರಲಿಲ್ಲ.

ಇವತ್ತು ಅವನನ್ನು ಆಸ್ಪತ್ರೆಗೆ ಕರೆಸಿದ್ದು ಬೇರೆ ಕಾರಣಕ್ಕೆ. ಅರವತ್ತೈದು ದಾಟಿದವರಿಂದ ಬಿಲ್ಲೆಯನ್ನು ಹಿಂದಕ್ಕೆ ಪಡೆಯಬೇಕೆಂದು ಹೊಸ ನಿಯಮ ಬಂದಿತ್ತು. ವಯಸ್ಸಾದ ಮೆದುಳು ತಾನಾಗಿಯೇ ತಣ್ಣಗಾಗುತ್ತದೆ, ಬಿಲ್ಲೆ ದುಡಿಯುವವರಿಗಿರಲಿ ಎಂಬುದು ಅದರ ವಾದ. ಬೇಕೇಬೇಕೆನ್ನುವವರು ತಮ್ಮ ಗಂಟೆ ಇನ್ನೂ ಬಡಿಯುತ್ತದೆಂದು ಪರೀಕ್ಷೆಯಲ್ಲಿ ತೋರಿಸಿಕೊಡಬೇಕು. ಪರಿಶೀಲನೆಗೆ ಬಂದಿದ್ದ ಯತಿರಾಜ್ ಎಂಬ ಅಧಿಕಾರಿ ಕನ್ನಡಕ ಒರೆಸುತ್ತ ಕುಳಿತಿದ್ದರು.

ಬಿಲ್ಲೆಯನ್ನು ಸುಮ್ಮನಾಗಿಸಿ, ಮುದುಕನನ್ನು ಮಲಗಿಸಿ, ಬ್ರಾಂದಿ ಸೀಸೆಗಳ ಚಿತ್ರ ತೋರಿಸಿದರು, ಆಂಬುಲೆನ್ಸಿನ ಸದ್ದು ಕೇಳಿಸಿದರು. ಗಂಟೆಯ ಬಡಿತ ತೋರಿಸುವ ತೆರೆಯ ಮೇಲಿನ ಗೆರೆ ಕೆರೆಯ ನೀರಿನಂತೆ ಅಲುಗಾಡದೆ ನಿಂತಿತು.

"ನೋಡಿದ್ರಾ, ಶಾಂತ!" ಎಂದರು ಯತಿರಾಜ್.

ಫರ್ಹಾನಾ ಹುಬ್ಬು ಗಂಟಿಕ್ಕಿದರು. "ಅಜ್ಜ, ಮಲಗಿದ್ದಾಗ ಏನು ಮಾಡ್ತಿದ್ದೆ?"

"ಯಾನ ಮಾಡ್ಲಿ ಬುದ್ಧಿ? ಪರೀಕ್ಷ ಅಂದ್ರಿ. ಪರೀಕ್ಷ ಅಂದ್ಮೇಲ ದೇವ್ರ ನೆನೀಬೇಕಲ್ಲ. ಬಾಗ್ಲಿಂದ್ಲೇ ಮಾದಪ್ಪನ ಹೆಸ್ರ ಹೇಳ್ಕಂಡ್ ಬಂದಿ, ಬುಡ್ನೇ ಇಲ್ಲ."

ಡಾಕ್ಟರು ಹಣೆ ಚಚ್ಚಿಕೊಂಡರು. ಯತಿರಾಜ್ ಗಟ್ಟಿಯಾಗಿ ನಕ್ಕರು. "ಮತ್ತೆ ಬಿಲ್ಲೆ ಯಾಕಜ್ಜ? ದೇವರ ಹೆಸರೇ ಸಾಕಲ್ಲ, ಬ್ಯಾಟರಿಯೂ ಬೇಡ."

ಪುಟ್ಟಮಾದಯ್ಯ ಎದ್ದು ಕುಳಿತ. ನಗುವಿಗೆ ನಗು ಕೊಡಲಿಲ್ಲ.

"ಸ್ವಾಮಿ, ಹೆಸ್ರು ನಾಲ್ಗ ಮ್ಯಾಲ ಇದ್ದಾಗ ಗಂಟ ಬಡಿಯಲ್ಲ, ದಿಟ. ಆದ್ರ ಗಂಟ ಮೊದ್ಲು ಬಡುದ್ರ ಹೆಸ್ರೇ ನೆನಪಾಗಲ್ಲ. ನಲವತ್ತು ವರ್ಷ ನಂಗ ಮಾದಪ್ಪ ಬೇಕಾಗಿತ್ತು, ಕರ್ಯಾಕ ಬಾಯೇ ಬತ್ತಿರ್ನಿಲ್ಲ. ಈ ಬಿಲ್ಲ ದೇವ್ರಲ್ಲ. ದೇವ್ರ ಕರ್ಯಾಕ ಒಂದು ಉಸುರ್ನಷ್ಟು ಪುರುಸೊತ್ತು ಕೊಡ್ತದ. ಇನ್ನೊಂದು ಕೇಳ್ಲಾ? ಹೆಂಡದಂಗಡೀಲಿ ಅರವತ್ತೈದಾದೋರ್ಗ ಮಾರಲ್ಲ ಅಂತ ಬೋರ್ಡ್ ಹಾಕಿರಾ?"

"ಇಲ್ಲ."

"ಕುಡಿಯಾಕ ಇಲ್ದ ವಯಸ್ಸು ಬುಡಾಕ ಮಾತ್ರ ಯಾಕ?"

ಯತಿರಾಜ್ ಕನ್ನಡಕ ಹಾಕಿಕೊಂಡರು. ನಿಯಮವೆಂದರೆ ನಿಯಮ ಎಂದರು, ಆದರೆ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

"ಹಂಗಾರ ಮಾಲಯ ಅಮಾಸ ಜಿನ ನಮ್ಮನಗ ಬನ್ನಿ. ಬಿಲ್ಲ ಸುಮ್ಮನಿರ್ಸಿ. ಮಗನ್ಗ ಎಡ ಇಡ್ತೀನಿ. ಆಗ ನೋಡಿ."

ಮಹಾಲಯ ಅಮಾವಾಸ್ಯೆಯಂದು ಆ ಸೀಮೆಯಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದೇ ಎಲೆಗೆ ಬರಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಸೀಸೆ. ಶಿವಮಲ್ಲುವಿನ ಎಲೆಗೆ ಪುಟ್ಟಮಾದಯ್ಯ ಇದುವರೆಗೆ ಕಡಲೆಪುರಿ, ಕೋಳಿಸಾರು, ಹೊಸ ಅಂಗಿ ಇಟ್ಟಿದ್ದನೇ ಹೊರತು ಬ್ರಾಂದಿ ಇಟ್ಟಿರಲಿಲ್ಲ. ಭಾಮೈದ ನಂಜುಂಡ ವರ್ಷವರ್ಷವೂ ಅದನ್ನೇ ಎತ್ತಿ ಆಡುತ್ತಿದ್ದ.

ಈ ಸಲ ಸೀಸೆ ಬಂತು. ಸಂಜೆಗೆ ಗೋಡೆಯ ಬದಿ ಎಲೆ ಹಾಕಿ, ಮಗನ ಪಟಕ್ಕೆ ಚೆಂಡುಹೂ ಇಟ್ಟು, ಹೆಂಡತಿ ರಾಚಮ್ಮ ದೀಪ ಹಚ್ಚಿದಳು. ಡಾಕ್ಟರೂ ಅಧಿಕಾರಿಯೂ ಬಾಗಿಲ ಬಳಿ ಚಾಪೆಯ ಮೇಲೆ ಕುಳಿತರು. ಫರ್ಹಾನಾ ತೊಡೆಯ ಮೇಲಿನ ತೆರೆಯಲ್ಲಿ ಬಿಲ್ಲೆಯನ್ನು ಸುಮ್ಮನಾಗಿಸಿದರು. ಈಗ ಅದು ನೀಲಿಚುಕ್ಕೆಯ ಗಂಟೆಯನ್ನು ಕೇಳಬಲ್ಲದು, ನಿಲ್ಲಿಸಲಾರದು.

"ಓಹೋ, ಭಾವನ ತಲ ಒಳಕ್ಕ ಟಿವಿ ಇಟ್ಟವ್ರ!" ಎಂದು ನಂಜುಂಡ ನಕ್ಕ. "ಮಿಷಿನ್ ಕಟ್ಕಂಡು ಬುಟ್ಟೋನು ಬುಟ್ಟಂಗಾ? ಗಂಡ್ಸಾದ್ರ ಮನಸಿಂದ ಬುಡಬೇಕು."

ಪುಟ್ಟಮಾದಯ್ಯ ಮುಚ್ಚಳ ತಿರುವಿದ. ಕಟಕ್ ಎಂದಿತು. ವಾಸನೆ ಏಳುತ್ತಲೇ ಮನೆ ಮನೆಯಾಗಿ ಉಳಿಯಲಿಲ್ಲ. ಕಲ್ಲುಮೇಜು, ಹರಿಯುವ ನೀರು, ಬಿಳಿ ಬಟ್ಟೆಯ ಕೆಳಗೆ ಪರಿಚಿತ ಪಾದಗಳು. ತೆರೆಯ ಗೆರೆ ಚಂಗನೆ ನೆಗೆದು ಅಲ್ಲೇ ನಿಂತಿತು, ಇಳಿಯಲಿಲ್ಲ. ಲೋಟಕ್ಕೆ ಬಗ್ಗಿಸಿದ ಬ್ರಾಂದಿ ಅರ್ಧ ನೆಲಕ್ಕೆ ಚೆಲ್ಲಿತು. ಅವನು ದೇವರನ್ನು ಕರೆಯಲು ಬಾಯಿ ತೆರೆದ. ಹೆಸರು ಬರಲಿಲ್ಲ. ಯಾವ ಹೆಸರು ಎಂಬುದೇ ತಿಳಿಯಲಿಲ್ಲ.

"ಎಡ ಇಟ್ಟೋರು ಮೊದ್ಲು ತುಟಿಗ ಮುಟ್ಟಿಸ್ಬೇಕು ಭಾವ. ಅದು ಪ್ರಸಾದ ಕನ, ಕುಡ್ದಂಗಲ್ಲ" ಎಂದ ನಂಜುಂಡ. ಈಗ ಅವನ ದನಿಯಲ್ಲಿ ಕುಹಕವಿರಲಿಲ್ಲ. ಅವನೂ ನಂಬಿದವನೇ.

ಲೋಟ ತುಟಿಯ ಹತ್ತಿರ ಬಂತು. ಯಾರ ಕೈ ತಂದಿತೋ ಪುಟ್ಟಮಾದಯ್ಯನಿಗೆ ಗೊತ್ತಾಗಲಿಲ್ಲ. ರಾಚಮ್ಮ ಸೆರಗು ಕಚ್ಚಿಕೊಂಡು ನಿಂತಳು. ಫರ್ಹಾನಾರ ಬೆರಳು ತೆರೆಯ ಮೇಲೆ ಹೋಗಿ ನಿಂತಿತು. ತಾನು ಕೇಳದೆ ಬಿಲ್ಲೆಯನ್ನು ಮತ್ತೆ ಹಾಕಬಾರದೆಂದು ಮುದುಕ ಮೊದಲೇ ಮಾತು ತೆಗೆದುಕೊಂಡಿದ್ದ.

"ಹಾಕಿ" ಎಂದ ಪುಟ್ಟಮಾದಯ್ಯ. ಮೊದಲ ಸಲ ಗಾಳಿಯಷ್ಟೇ ಬಂತು. ಎರಡನೆಯ ಸಲ ಬೀದಿಗೆ ಕೇಳುವಂತೆ ಕೂಗಿದ. "ಹಾಕಿ ಬುದ್ಧಿ! ನನ್ನ ಕೈಲಾಗದು! ಹಾಕಿ!"

ಬಿಲ್ಲೆ ಬೆಚ್ಚಗಾಯಿತು. ಗೆರೆ ಇಳಿಯತೊಡಗಿತು. ಬತ್ತಿದ ಬಾಯಿಗೆ ನೀರು ಬಂದಂತೆ ಹೆಸರು ಬಂತು. ಮಾದಪ್ಪಾ, ಮಾದಪ್ಪಾ ಎನ್ನುತ್ತ ಅವನು ಲೋಟವನ್ನು ಮಗನ ಎಲೆಯ ಮುಂದೆ ಇಟ್ಟ. ಆಮೇಲೆ ಭಾಮೈದನ ಕಡೆ ತಿರುಗಿದ.

"ಕೇಳ್ಸ್ತಾ ನಂಜುಂಡ? ಕೈಲಾಗದು ಅಂದಿ. ನನ್ನ ಮಗ ಈ ಮಾತ ಆಡಾಕ ನಾಚ್ಕಂಡು ಸತ್ತ. ನಾನು ನಾಚ್ಕಳ್ಳಲ್ಲ. ಸ್ವಾಮಿ ಆಫೀಸರೇ, ಕಿತ್ಕಳದಾದ್ರ ಈಗ್ಲೇ ಬನ್ನಿ, ಇವನ ಎಡ ಮುಂದ್ಲೇ ಕಿತ್ಕಳಿ."

ಯತಿರಾಜ್ ಏಳಲಿಲ್ಲ. "ತೆಗೆಯಬೇಕಾದವಳು ನಾನು" ಎಂದರು ಫರ್ಹಾನಾ. "ತೆಗೆಯೋಲ್ಲ. ಇವರದ್ದೂ ಇಲ್ಲ, ಇವರ ವಯಸ್ಸಿನ ಯಾರದ್ದೂ ಇಲ್ಲ. ಹಾಗಂತ ಬರ್ಕೊಳ್ಳಿ."

ಕಂಡದ್ದನ್ನು ಕಂಡಂತೆ ಮೇಲಕ್ಕೆ ತಿಳಿಸುತ್ತೇನೆ, ವಯಸ್ಸಿನ ನಿಯಮ ನಿಲ್ಲಲಾರದು ಎಂದು ಊಟಕ್ಕೆ ಕುಳಿತಾಗ ಅಧಿಕಾರಿ ಹೇಳಿದರು. ಆಮೇಲೆ ಅವರ ಮುಖ ಅರಳಿತು. "ಅಜ್ಜ, ಇನ್ನೊಂದು ಯೋಚನೆ ಬಂತು. ಹೆಣ ಕೊಯ್ಯೋ ಕೋಣೆಗೆ ಸೇರೋ ಹುಡುಗರಿಗೆ ಮೊದಲ ದಿನವೇ ಬಿಲ್ಲೆ ಹಾಕಿಬಿಟ್ಟರೆ? ಗಂಟೆ ಬಡಿಯೋದೇ ಇಲ್ಲ. ಕುಡಿತವೂ ಇಲ್ಲ, ಮುಪ್ಪಿನ ಮರೆವೂ ಇಲ್ಲ. ಇಂಥ ಕೆಲಸ ಮಾಡೋರೆಲ್ಲರಿಗೂ ಹಾಕಬಹುದು."

ಫರ್ಹಾನಾ ತುತ್ತನ್ನು ಎಲೆಗೆ ಇಳಿಸಿದರು. ತಮ್ಮ ಶೋಧ ಹೋಗಿ ನಿಲ್ಲಬಹುದಾದ ಜಾಗವನ್ನು ಆಕೆ ಅದುವರೆಗೆ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

"ಬ್ಯಾಡಿ" ಎಂದ ಪುಟ್ಟಮಾದಯ್ಯ. "ನನ್ನ ಗಂಟ ಕೆಟ್ಟೋಗದ, ನಂಗ ಬಿಲ್ಲ ಕೊಡಿ. ಆ ಹೈಕಳ ಗಂಟ ಚೆನ್ನಾಗದ. ಅವ್ರಿಗ ಗಾಳಿಯಾಡೋ ಕಿಟಕಿ ಹಾಕ್ಸಿ, ಗವಸು ಕೊಡಿ. ಹೆಣದ ಮುಂದ ಒಬ್ಬೊಬ್ರ್ನೇ ನಿಲ್ಲಿಸ್ಬ್ಯಾಡಿ. ಕೆಲ್ಸ ಮುಗ್ದ ಮ್ಯಾಲ ಕೂರಿಸ್ಕಂಡು, ಹೆಂಗಿದ್ದಯ್ಯೋ ಮಗ ಅಂತ ಯಾರಾದ್ರೂ ಕೇಳಿ. ಇದ್ಕ ಯಾವ ಮಿಷಿನ್ ಕಂಡುಹಿಡೀಬೇಕು? ಇದ ನನ್ನ ಕಾಲದಲ್ಲೂ ಮಾಡ್ಬೋದಾಗಿತ್ತು, ನನ್ನ ಮಗನ ಕಾಲದಲ್ಲೂ ಮಾಡ್ಬೋದಾಗಿತ್ತು."

ದೀಪದ ಬತ್ತಿಯನ್ನು ಮುಂದಕ್ಕೆ ಮಾಡುತ್ತಿದ್ದ ರಾಚಮ್ಮ ತಿರುಗಿ ನೋಡಿದಳು. ಮುದುಕ ಮಗನ ಪಟದ ಕಡೆ ಕೈ ತೋರಿಸಿದ.

"ಮೊದ್ಲ ಜಿನ ಅವನ ಗಂಟ ಸರಿಯಾಗೇ ಬಡೀತು ಸ್ವಾಮಿ. ಅದ ಕೇಳ್ಕಂಡು ಯಾರೂ ಬರ್ನಿಲ್ಲ."