ಮುನ್ನೂರರಲ್ಲಿ ಕಾಣೆಯಾದ ಇಪ್ಪತ್ತೊಂದು

"ನೀವು ಕೈ ಬಿಟ್ಟರೆ ತಾನೇ ನಾನು ಪೆಟ್ಟಿಗೆ ತಗೊಳ್ಳೋದು?"

ಪೆಟ್ಟಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದ ಸೊಲ್ವಾ ತಲೆ ಎತ್ತಿದಳು. ದ್ವೀಪನಾಡಿನ ರಾಜಧಾನಿ ಟೋರ್ಶಾವ್ನ್‌ನ ಧ್ವನಿ ಸಂಗ್ರಹಾಲಯದಲ್ಲಿ ಮೇಜಿನ ಆಚೆ ನಿಂತಿದ್ದ ಎತ್ತರದ ಯುವಕ ಗೇಲಿ ಮಾಡುತ್ತಿರಲಿಲ್ಲ. ಅವನ ದನಿಯಲ್ಲಿ ಏನೋ ಮೆತ್ತಗಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಅವಳ ಅಜ್ಜಿ ನಲವತ್ತು ವರ್ಷ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ತಿರುಗಿ, ಮುದುಕರ ಬಾಯಿಂದ ಧ್ವನಿಮುದ್ರಿಸಿಕೊಂಡ ಹಾಡುಗಳ ಟೇಪುಗಳು. ಹಾಡಿದವರೂ ಇಲ್ಲ, ಈಗ ಅಜ್ಜಿಯೂ ಇಲ್ಲ.

ಅವನ ಹೆಸರು ತೋರ್ಕಿಲ್; ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು ಅವನ ಕೆಲಸ. ಟೇಪುಗಳು ಎಷ್ಟು ಹಾಳಾಗಿವೆಯೆಂದರೆ ಒಂದೇ ಸಲ ನುಡಿದು ಪುಡಿಯಾಗಬಹುದು ಎಂದು ಅವನು ಮುಚ್ಚಿಡದೆ ಹೇಳಿದ. ಒಂದು ಹಾಡನ್ನೂ ಕಳೆಯುವುದಿಲ್ಲ ಎಂದು ಮಾತೂ ಕೊಟ್ಟ.

ಅಂದಿನಿಂದ ಪ್ರತಿ ಶನಿವಾರ ಸೊಲ್ವಾ ಬರತೊಡಗಿದಳು. ಹಾಡಿನ ನಡುವೆ ಅಜ್ಜಿಯ ಕೆಮ್ಮು ಕೇಳಿ ಅತ್ತಾಗ ಅವನು ಕಾಫಿ ತಂದಿಟ್ಟ. ಅದು ಅವಳಿಗೆ ಇಷ್ಟವಾಯಿತು. 'ಇವನನ್ನು ನಂಬಬಹುದು' ಅಂದುಕೊಂಡಳು.

ಮಾರ್ಚ್‌ನಲ್ಲಿ ಅವನು ಎಲ್ಲ ಹಾಡುಗಳೂ ತುಂಬಿದ ಡಿಸ್ಕ್ ಕೊಟ್ಟ. ಮೇಲೆ ಚೀಟಿ ಅಂಟಿಸಿದ್ದ: ಮುನ್ನೂರು ಗಿಗಾಬೈಟ್.

ಮನೆಯಲ್ಲಿ ಅವಳ ಕಂಪ್ಯೂಟರ್ ತೋರಿಸಿದ್ದು ಇನ್ನೂರ ಎಪ್ಪತ್ತೊಂಬತ್ತು.

ಇಪ್ಪತ್ತೊಂದು ಇಲ್ಲ!

ಟೇಪುಗಳಲ್ಲಿ ಅರ್ಧಕ್ಕರ್ಧ ಆಗಲೇ ಪುಡಿಯಾಗಿದ್ದವು. ಯಾವ ಹಾಡು ಹೋಯಿತು? ಯಾರ ದನಿ? ಅದಕ್ಕಿಂತ... ಅವನು ಗೊತ್ತಿದ್ದೂ ಮುಚ್ಚಿಟ್ಟನೇ? ನಾಲ್ಕು ದಿನ ಅವಳು ಅವನ ಫೋನ್ ಎತ್ತಲಿಲ್ಲ. ಐದನೆಯ ದಿನ ಬೆಳಿಗ್ಗೆ ಡಿಸ್ಕನ್ನೂ ತನ್ನ ಕಂಪ್ಯೂಟರನ್ನೂ ಎತ್ತಿಕೊಂಡು ಹೋಗಿ ಅವನ ಮೇಜಿನ ಮೇಲಿಟ್ಟಳು.

"ಕಳೆದುಹೋಗಿದ್ರೆ ಹೇಳಬಹುದಿತ್ತು," ಎಂದಳು.

ತೋರ್ಕಿಲ್ ಪರದೆ ನೋಡಿದ. ಅವನ ಮುಖದ ಬಿಗಿ ಸಡಿಲವಾಯಿತು.

"ತಪ್ಪು ನಂದೇ. ಯಾವ ಲೆಕ್ಕ ಅಂತ ಚೀಟೀಲಿ ಬರೀಬೇಕಿತ್ತು. ಬೈಟಿಂದ ಗಿಗಾಬೈಟಿಗೆ ಮೂರು ಮೆಟ್ಟಿಲು: ಕಿಲೋ, ಮೆಗಾ, ಗಿಗಾ. ನನ್ನ ಯಂತ್ರ ಒಂದೊಂದು ಮೆಟ್ಟಿಲಿಗೂ ಸಾವಿರ ಅಂತ ಎಣಿಸುತ್ತೆ. ನಿಮ್ಮದು ಸಾವಿರದ ಇಪ್ಪತ್ನಾಲ್ಕು ಅಂತ. ಅಳತೆ ದೊಡ್ಡದಾದ್ರೆ ಲೆಕ್ಕ ಕಮ್ಮಿ ಬರುತ್ತೆ. ಆದ್ರೆ ಎರಡೂ ಗಿಗಾಬೈಟ್ ಅಂತಲೇ ತೋರಿಸ್ತವೆ."

"ಸಮಾಧಾನಕ್ಕೆ ಹೇಳ್ತಿದ್ದೀರಾ?"

ಅವನು ವಾದಿಸಲಿಲ್ಲ. ಎರಡೂ ಯಂತ್ರಗಳಲ್ಲಿ ಬರೀ ಬೈಟ್‌ಗಳ ಎಣಿಕೆ ತೆರೆದು, ನೀವೇ ಓದಿ ಎಂದ. ಹನ್ನೆರಡು ಅಂಕಿ. ಸೊಲ್ವಾ ಒಂದೊಂದನ್ನೂ ಬೆರಳಿಟ್ಟು ಓದಿದಳು. ಕೊನೆಯ ಅಂಕಿಯವರೆಗೂ ಎರಡೂ ಒಂದೇ.

ಅವಳು ಕುರ್ಚಿಯಲ್ಲಿ ಕುಸಿದು, ಅಳುತ್ತಲೇ ನಕ್ಕಳು. ಡಿಸ್ಕಿನಲ್ಲಿ ಹಾಡಿದವರೆಲ್ಲರೂ ಇದ್ದರು. ಒಬ್ಬರೂ ಹೋಗಿರಲಿಲ್ಲ.

"ಹಾಡು ಹೋಯ್ತು ಅನ್ನೋದಕ್ಕಿಂತ, ನೀವು ಸುಳ್ಳು ಹೇಳಿದ್ರಿ ಅಂತ ಜಾಸ್ತಿ ನೋವಾಗಿತ್ತು," ಎಂದಳು ಕಣ್ಣೊರೆಸಿಕೊಂಡು.

ತೋರ್ಕಿಲ್ ಡಿಸ್ಕನ್ನು ಅವಳತ್ತ ಸರಿಸಿದ.

"ಒಂದು ಸುಳ್ಳು ಹೇಳಿದ್ದೀನಿ. ಕೆಲಸ ಜನವರೀಲೇ ಮುಗಿದಿತ್ತು. ಮುಗೀತು ಅಂದ್ರೆ ನೀವು ಬರೋದು ನಿಂತುಹೋಗುತ್ತೆ ಅಂತ... ಹೇಳಲಿಲ್ಲ."

ಅವಳು ಅವನನ್ನೇ ನೋಡಿದಳು. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

"ಕೆಲಸ ಇಲ್ದೇ ಇದ್ರೂ ಬರ್ತಿದ್ದೆ ಕಣೋ. ಕರೀಬೇಕಿತ್ತು ಅಷ್ಟೆ."

"ಈಗ ಕರೆದ್ರೆ?"

"ಬಂದಿದ್ದೀನಲ್ಲ," ಎಂದು ಅವಳು ಪಕ್ಕದ ಕುರ್ಚಿಯನ್ನು ತನ್ನ ಹತ್ತಿರಕ್ಕೆ ಎಳೆದಳು. "ನೀನು ಕೂತ್ಕೋ."